ನರಿಗೆ ಎಷ್ಟನೆಯ ನಂಬರು?

ಸುದ್ದಗುಂಟೆಪಾಳ್ಯದಲ್ಲಿ ಈಗ ನಂಬರು ಎಂದರೆ ಬಸ್ಸಿನ ನಂಬರು, ಬಾಡಿಗೆ ಕೊಠಡಿಯ ನಂಬರು, ಇಲ್ಲವೆ ಹೋಟೆಲಿನ ಮುಂದೆ ಕಾದು ನಿಂತವರ ಕೈಯಲ್ಲಿರುವ ಚೀಟಿಯ ನಂಬರು. ಸುಮಾರು ಅರುವತ್ತು ವರ್ಷಗಳ ಹಿಂದೆ ನಮ್ಮ ಮನೆಯ ಜಗಲಿಯ ಮೇಲೆ ನಡೆಯುತ್ತಿದ್ದ ನಂಬರಿನ ಚರ್ಚೆಯೇ ಬೇರೆ. ನರಿಗೆ ಎಷ್ಟನೆಯ ನಂಬರಿನ ತೋಟಾ ಹಾಕಬೇಕು ಎಂಬುದು ಆ ಚರ್ಚೆ. ಆನೇಕಲ್ಲಿನ ಕಡೆಯ ಹಳ್ಳಿಯೊಂದರಿಂದ ನಮ್ಮ ದೊಡ್ಡಪ್ಪ ವರ್ಷಕ್ಕೆ ಎರಡು ಸಲ ತೋಟಾ ಕೊಳ್ಳಲು ಬೆಂಗಳೂರಿಗೆ ಬರುತ್ತಿದ್ದರು. ರಾತ್ರಿ ನಮ್ಮಲ್ಲಿ ತಂಗಿ ಬೆಳಗಿನ ಬಸ್ಸಿಗೆ ಊರಿಗೆ ಹೊರಡುವರು. ಅವರು ಬಂದ ಸುದ್ದಿ ತಿಳಿದರೆ ಸಾಕು, ಅಕ್ಕಪಕ್ಕದ ನಾಲ್ವರು ಹಿರಿಯರು ಎಲೆಯಡಿಕೆ ಸಮೇತ ಬಂದು ಕೂರುತ್ತಿದ್ದರು. ಅವರಲ್ಲಿ ಕೋವಿ ಇದ್ದವರು ಒಬ್ಬರೂ ಇಲ್ಲ. ಅಭಿಪ್ರಾಯ ಮಾತ್ರ ಎಲ್ಲರಿಗೂ ಇತ್ತು.

ಪಾಳ್ಯ ಆಗಿನ್ನೂ ಪಾಳ್ಯವೇ. ಜಯನಗರಕ್ಕೆ 1948ರಲ್ಲಿಯೇ ಅಸ್ತಿಭಾರ ಬಿದ್ದಿತ್ತಾದರೂ ಬಡಾವಣೆಯ ದೀಪದ ಕಂಬಗಳು ನಮ್ಮನ್ನು ಇನ್ನೂ ಮುಟ್ಟಿರಲಿಲ್ಲ. ಇಂದು ವಿಶ್ವವಿದ್ಯಾನಿಲಯವಾಗಿ ಬೆಳೆದಿರುವ ಕ್ರೈಸ್ಟ್ ಕಾಲೇಜು ಆರಂಭವಾದದ್ದು 1969ರಲ್ಲಿ. ಕತ್ತಲಾದೊಡನೆ ಮಡಿವಾಳದ ಕೆರೆಯ ದಿಕ್ಕಿನಿಂದ ಒಂದು ನರಿ ಊಳಿಡುವುದು, ನಾಲ್ಕು ಅದಕ್ಕೆ ದನಿಗೂಡಿಸುವುದು, ಪಾಳ್ಯದ ನಾಯಿಗಳೆಲ್ಲ ಎದ್ದು ಪ್ರತಿಭಟನೆ ಸಲ್ಲಿಸುವುದು ನಿತ್ಯದ ಕಾರ್ಯಕ್ರಮವಾಗಿತ್ತು. ಈಗ ನಾಯಿಗಳು ಮಾತ್ರ ಉಳಿದಿವೆ. ಪ್ರತಿಭಟನೆಗೆ ಅವು ಬೇರೆ ಕಾರಣಗಳನ್ನು ಹುಡುಕಿಕೊಂಡಿವೆ.

ನರಿಯ ವಿಷಯದಲ್ಲಿ ನಮ್ಮ ಜನ ಎಂದೂ ಒಂದು ನಿಲುವಿಗೆ ಬಂದವರಲ್ಲ. ಪಂಚತಂತ್ರದ ಕರಟಕ ದಮನಕರು ನರಿಗಳು. ವಂಚನೆಗೆ ನಾವು ಇಟ್ಟ ಹೆಸರೇ ನರಿಬುದ್ಧಿ. ಹಾಗೆನ್ನುವ ಬಾಯೇ ಅದೃಷ್ಟ ಕುದುರಿದವನನ್ನು ಕಂಡು 'ನರಿ ಮುಖ ನೋಡಿ ಎದ್ದಿದ್ದಾನೆ' ಎನ್ನುತ್ತದೆ. ಹುಳಿ ದ್ರಾಕ್ಷಿಯ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅದು ಬರಿಯ ಕಥೆ ಎಂದುಕೊಳ್ಳುತ್ತೇವೆ. ನರಿ ದ್ರಾಕ್ಷಿಯನ್ನು ನಿಜವಾಗಿಯೂ ತಿನ್ನುತ್ತದೆ. ಬೆಂಗಳೂರಿನ ಸುತ್ತಲಿನ ತೋಟಗಳಲ್ಲಿ ಬಳ್ಳಿಯನ್ನು ಆಳೆತ್ತರದ ಚಪ್ಪರಕ್ಕೆ ಹಬ್ಬಿಸಿರುವುದರಿಂದ ಕೈಗೆಟುಕದೆ ಹೋಗುವುದೂ ನಿಜವೇ. ಕಡಲೆಕಾಯಿ, ಕಬ್ಬು, ಮುಸುಕಿನ ಜೋಳ, ಕಲ್ಲಂಗಡಿ, ಎಲಚಿ ಹಣ್ಣು ಎಲ್ಲವೂ ಅದಕ್ಕೆ ಒಗ್ಗುತ್ತವೆ. ವಯನಾಡಿನಲ್ಲಿ ಅದು ಕಾಫಿಯ ಹಣ್ಣನ್ನೂ ಬಿಡುವುದಿಲ್ಲವೆಂದು ಜೆರ್ಡನ್ ಎಂಬ ಪ್ರಾಣಿಶಾಸ್ತ್ರಜ್ಞ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಇದರ ಮೇಲೆ ಕೋಳಿ, ಕುರಿಮರಿ. ಇಷ್ಟೆಲ್ಲ ತಿಂದ ಬಾಯಿ ಒಂದು ವರ್ಷಕ್ಕೆ ಎಷ್ಟು ಇಲಿಗಳನ್ನು ತಿನ್ನುತ್ತದೆ ಎಂಬ ಲೆಕ್ಕವನ್ನು ಮಾತ್ರ ಯಾವ ರೈತನೂ ಇಟ್ಟಂತಿಲ್ಲ. ಇಲಿ ಹೋದದ್ದು ಕಣ್ಣಿಗೆ ಬೀಳುವುದಿಲ್ಲ, ಕುರಿಮರಿ ಹೋದದ್ದು ಬೀಳುತ್ತದೆ.

ನರಿ ಎಂದರೆ ಯಾವ ನರಿ ಎಂಬುದೇ ಮೊದಲ ತೊಡಕು. ನಮ್ಮ ಬಯಲುಸೀಮೆಯಲ್ಲಿ ಈ ಹೆಸರಿನ ಕೆಳಗೆ ಎರಡು ಬೇರೆ ಪ್ರಾಣಿಗಳಿವೆ. ಒಂದು ಊಳಿಡುವ ದೊಡ್ಡ ನರಿ. ತೂಕ ಎಂಟು ಹತ್ತು ಕಿಲೋ, ಮೈಕಟ್ಟು ಊರನಾಯಿಯದು. ಇನ್ನೊಂದು ಬಿಲದಲ್ಲಿ ವಾಸಿಸುವ ಸಣ್ಣದು. ದೊಡ್ಡ ಕಿವಿ, ಪೊದೆಯಂಥ ಬಾಲ, ತೂಕ ಎರಡೂವರೆ ಮೂರು ಕಿಲೋ. ಗುಳ್ಳೆನರಿ ಎಂಬ ಹೆಸರನ್ನು ಒಂದೂರಿನವರು ಇದಕ್ಕೆ ಇಟ್ಟರೆ ಮತ್ತೊಂದೂರಿನವರು ಅದಕ್ಕೆ ಇಡುತ್ತಾರೆ. ಸಣ್ಣದರ ಊಟ ಇಲಿ, ಗೆದ್ದಲು, ಏಡಿ, ಓತಿಕೇತ, ಬಿದ್ದ ಹಣ್ಣು. ಕುರಿಯ ತಂಟೆಗೆ ಹೋಗುವಷ್ಟು ಅದರ ಮೈಯೇ ಇಲ್ಲ. ಆದರೆ ಕತ್ತಲಲ್ಲಿ ಬ್ಯಾಟರಿಯ ಬೆಳಕಿಗೆ ಹೊಳೆಯುವ ಎರಡು ಕಣ್ಣುಗಳಿಗೆ ತೂಕ ತೋರಿಸುವ ಶಕ್ತಿಯಿಲ್ಲ. ದೊಡ್ಡದು ಮಾಡಿದ ಸಾಲವನ್ನು ಸಣ್ಣದು ಎಷ್ಟೋ ಸಲ ತೀರಿಸಿದೆ.

ಇನ್ನು ಕೋವಿಯ ಮಾತು. ದೊಡ್ಡಪ್ಪನದು ಹನ್ನೆರಡು ಬೋರಿನ ಜೋಡುನಳಿಗೆ. ಹನ್ನೆರಡು ಎಂಬುದು ಅಂಗುಲವೂ ಅಲ್ಲ, ಗೆರೆಯೂ ಅಲ್ಲ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಎರೆದರೆ ಅದರಲ್ಲೊಂದು ಗುಂಡು ಹಿಡಿಯುವಷ್ಟು ನಳಿಗೆ ಎಂದು ಅದರ ಅರ್ಥ; ಈಗಿನ ಅಳತೆಯಲ್ಲಿ ಹದಿನೆಂಟೂವರೆ ಮಿಲಿಮೀಟರು. ಹೀಗಾಗಿ ನಂಬರು ಹೆಚ್ಚಿದಷ್ಟೂ ನಳಿಗೆ ಕಿರಿದಾಗುತ್ತದೆ. ತೋಟಾದೊಳಗಿನ ಚರೆಯದೂ ಇದೇ ತಿರುಗುಮುರುಗು ನ್ಯಾಯ. ಇಂಗ್ಲಿಷ್ ಲೆಕ್ಕದಲ್ಲಿ ಒಂದು ಔನ್ಸು ಸೀಸಕ್ಕೆ 6ನೆಯ ನಂಬರಿನ ಚರೆ 270 ಕಾಳು ತೂಗುತ್ತದೆ, 4ನೆಯ ನಂಬರಿನದು 170. ಅಲ್ಲಿಂದ ಮೇಲೆ ಅಂಕೆ ಮುಗಿದು ಅಕ್ಷರ ಶುರುವಾಗುತ್ತದೆ: ಬಿ.ಬಿ. ಔನ್ಸಿಗೆ 70, ಎ.ಎ.ಎ. 35, ಎಸ್.ಜಿ. 8, ಎಲ್.ಜಿ. ಬರಿಯ 6. ಎಲ್.ಜಿ. ಎಂದರೆ ಬಟಾಣಿಗಿಂತ ದಪ್ಪನಾದ ಆರು ಸೀಸದ ಗುಂಡು. ಕಾಡುಹಂದಿಗೆ, ಕಡವೆಗೆ ಹಾಕುತ್ತಿದ್ದದ್ದು. 6ನೆಯ ನಂಬರು ಹಕ್ಕಿಗೆ. (ಅಮೆರಿಕದವರ ಬಿ.ಬಿ. ಔನ್ಸಿಗೆ ಐವತ್ತರ ಹತ್ತಿರ. ಹೆಸರು ಒಂದೇ ಆದರೂ ಸರಕು ಬೇರೆ. ಇಂಥವು ಪ್ರಪಂಚದಲ್ಲಿ ಬೇಕಾದಷ್ಟಿವೆ.)

ಜಗಲಿಯ ಹಿರಿಯರು ಒಮ್ಮತದಿಂದ ಎಲ್.ಜಿ. ಪಕ್ಷದವರು. ಆರು ಗುಂಡು, ಒಂದೊಂದೂ ಹಂದಿಯನ್ನು ಕೆಡವುವಂಥದು. ನರಿ ಯಾವ ಲೆಕ್ಕ ಎಂಬುದು ಅವರ ವಾದ. ಕೇಳುವುದಕ್ಕೆ ಸರಿಯಾಗಿಯೇ ಇದೆ. ದಂಡಿನ ಕಡೆಯ ಮದ್ದುಗುಂಡಿನ ಅಂಗಡಿಯ ಮುದುಕರು ಮಾತ್ರ ಇದನ್ನು ಒಪ್ಪುತ್ತಿರಲಿಲ್ಲವಂತೆ. ದೊಡ್ಡಪ್ಪ ಮೊದಲ ಸಲ ಹೋಗಿ ನರಿಗೆ ತೋಟಾ ಬೇಕೆಂದಾಗ ಅವರು ನಂಬರನ್ನೇ ಕೇಳಲಿಲ್ಲ.

"ಎಷ್ಟು ದೂರದಲ್ಲಿ ಕೂರ್ತೀರಿ ಯಜಮಾನ್ರೆ?"

"ಅದು ಎಲ್ಲಿ ಕಂಡರೆ ಅಲ್ಲಿಗೆ."

"ಹಾಗಾದರೆ ಇವತ್ತು ತೋಟಾ ಬೇಡ. ಮೊದಲು ಕೂರೋ ಜಾಗ ನೋಡ್ಕೊಂಡು ಬನ್ನಿ."

ದೊಡ್ಡಪ್ಪನಿಗೆ ಸಿಟ್ಟು ಬಂತು. ಆದರೆ ಮುದುಕರು ಹಿಡಿದು ನಿಲ್ಲಿಸಿ ಕಾಗದದ ಮೇಲೆ ಗೀಟು ಹಾಕಿ ತೋರಿಸಿದ ಲೆಕ್ಕ ಹೀಗಿತ್ತು. ಸಾದಾ ನಳಿಗೆಯಿಂದ 40 ಗಜ ದೂರಕ್ಕೆ ಹಾರಿಸಿದರೆ 30 ಅಂಗುಲ ಅಗಲದ ವೃತ್ತದೊಳಗೆ, ಅಂದರೆ ಮದುವೆಮನೆಯ ದೊಡ್ಡ ಹರಿವಾಣದಷ್ಟು ಜಾಗದೊಳಗೆ, ಬೀಳುವುದು ನೂರಕ್ಕೆ ನಲವತ್ತು ಕಾಳು. ಬಾಯಿಯನ್ನು ಒಂದು ಮಿಲಿಮೀಟರಿನಷ್ಟು ಬಿಗಿ ಮಾಡಿದ ನಳಿಗೆಯಾದರೆ ಎಪ್ಪತ್ತು. ಔನ್ಸು ಎಲ್.ಜಿ.ಯಲ್ಲಿ ಇರುವುದೇ ಆರು ಗುಂಡು. ಹರಿವಾಣಕ್ಕೆ ಬಿದ್ದದ್ದು ಎರಡೋ ಮೂರೋ. ನರಿಯ ಎದೆಗೂಡು ಅದರಲ್ಲಿ ಒಂದು ಅಂಗೈ ಅಗಲ. ಆ ಎರಡು ಮೂರು ಗುಂಡು ಅಂಗೈಗೆ ಬೀಳುವುದು ದೇವರ ಇಚ್ಛೆ. ಕಾಲಿಗೆ, ಹೊಟ್ಟೆಗೆ, ದವಡೆಗೆ ಬೀಳುವುದೇ ಹೆಚ್ಚು. ಅದೇ ಬಿ.ಬಿ. ಹಾಕಿ 25 ಗಜಕ್ಕೆ ಬಂದರೆ, ಎಪ್ಪತ್ತರಲ್ಲಿ ಸುಮಾರು ಮೂರನೆಯ ಎರಡು ಪಾಲು ಹರಿವಾಣದೊಳಗೆ. ಬದುಕಿ ನರಳುವುದಕ್ಕೆ ನರಿಗೆ ಅವಕಾಶವಿಲ್ಲ. 6ನೆಯ ನಂಬರು ಹಾಕಿದರೆ ಕಾಳೇನೋ ಇನ್ನೂ ಹೆಚ್ಚು; ಆದರೆ ತುಪ್ಪಳ ದಾಟಿ ಚರ್ಮದಲ್ಲಿ ನಿಂತು, ಗಾಯ ಕೊಳೆತು, ಹತ್ತು ದಿನಕ್ಕೆ ಸಾಯುತ್ತದೆ.

"ದಪ್ಪ ಚರೆ ಕೇಳೋನು ಹತ್ತಿರ ಹೋಗೋಕೆ ಸೋಮಾರಿ" ಎಂದರಂತೆ ಮುದುಕರು. ದೊಡ್ಡಪ್ಪ ಈ ಮಾತನ್ನು ನಮ್ಮ ಜಗಲಿಯ ಮೇಲೆ ಎಷ್ಟು ಸಲ ಹೇಳಿದರೂ ಎಲ್.ಜಿ. ಪಕ್ಷ ಸೋಲೊಪ್ಪಲಿಲ್ಲ. ಹತ್ತಿರ ಹೋಗುವ ಅಗತ್ಯ ಅವರಿಗೆ ಹೇಗೂ ಇರಲಿಲ್ಲವಲ್ಲ.

ದೊಡ್ಡಪ್ಪ ಒಂದು ಪುಸ್ತಕ ಇಟ್ಟಿದ್ದರು. ಕೊಂಡ ತೋಟಾ ಪರವಾನಗಿಯಲ್ಲಿ ದಾಖಲಾಗುತ್ತಿದ್ದುದರಿಂದ ಖರ್ಚಾದದ್ದರ ಲೆಕ್ಕ ತಮ್ಮಲ್ಲೂ ಇರಲಿ ಎಂದು 1956ರಲ್ಲಿ ಶುರುಮಾಡಿದ ಉದ್ದನೆಯ ಲೆಕ್ಕದ ಪುಸ್ತಕ. ಅವರ ಕಾಲವಾದ ಮೇಲೆ ಕೋವಿಯನ್ನು ನಿಯಮದಂತೆ ಒಪ್ಪಿಸಿಬಿಟ್ಟರು. ಪುಸ್ತಕ ನನಗೆ ಬಂತು. ಮನೆಯಲ್ಲಿ ಕಾಗದಪತ್ರದ ಹುಚ್ಚು ಇದ್ದವನು ನಾನೊಬ್ಬನೇ. ನಮ್ಮ ಓಣಿಯ ಯಾವ ಹುಡುಗನಿಗೆ ತೋರಿಸಿದರೂ ಕಿರಾಣಿ ಲೆಕ್ಕವೆಂದೇ ತಿಳಿಯುತ್ತಾನೆ. ಪ್ರತಿ ಸುಗ್ಗಿಯ ಮೊದಲ ಸಾಲು ಒಂದೇ: 'ಬೂದಿ ಹಾಕಿದೆ.' ಬೇಲಿಯ ಕಂಡಿಯಲ್ಲಿ ಜರಡಿ ಹಿಡಿದ ಒಲೆಯ ಬೂದಿ ಹರಡಿ, ಬೆಳಿಗ್ಗೆ ಹೆಜ್ಜೆ ಓದಿದ ಹೊರತು ಅವರು ಅಟ್ಟಣೆ ಏರುತ್ತಿರಲಿಲ್ಲ. ಆಮೇಲಿನ ಸಾಲುಗಳು ಹೀಗೆ:

'ಬಿ.ಬಿ. 24 ಹೆಜ್ಜೆ. ಒಂದೇ ಈಡು. ಬಿತ್ತು.'

'ಹಾರಿಸಲಿಲ್ಲ. ದೂರ.'

'ಹಾರಿಸಲಿಲ್ಲ. ಮುಳ್ಳುಹಂದಿ.'

'ಹಾರಿಸಲಿಲ್ಲ. ನಾಯಿ.'

'ಹಾರಿಸಲಿಲ್ಲ. ಸಣ್ಣದು.'

'ಹಾರಿಸಲಿಲ್ಲ. ಮನುಷ್ಯ. ಕೂಗಿದೆ, ಓಡಿದ. ಯಾರೆಂದು ಗೊತ್ತಾಯಿತು. ಬರೆಯುವುದಿಲ್ಲ.'

ಹಾರಿಸಿದ ರಾತ್ರಿಗಳಿಗಿಂತ ಹಾರಿಸದ ರಾತ್ರಿಗಳೇ ಪುಸ್ತಕದಲ್ಲಿ ಎಷ್ಟೋ ಹೆಚ್ಚು. ಇಪ್ಪತ್ತೈದು ಗಜ ಎಂಬ ನಿಯಮದ ಫಲ ಅದು. ಅಷ್ಟು ಹತ್ತಿರ ಬರುವ ತನಕ ಕಾದವನಿಗೆ ಬಂದದ್ದು ಯಾರೆಂದು ತಿಳಿದೇ ತಿಳಿಯುತ್ತದೆ. ನರಿಯ ಹೆಸರಿನಲ್ಲಿ ಊರವರು ಬರೆದಿಟ್ಟ ಕಳವುಗಳಲ್ಲಿ ಅರ್ಧ ಮುಳ್ಳುಹಂದಿಯವು, ನಾಯಿಯವು, ಒಂದೆರಡು ನಮ್ಮವರವೇ ಎಂಬುದನ್ನು ದೊಡ್ಡಪ್ಪ ಯಾವ ಶಾಸ್ತ್ರವನ್ನೂ ಓದದೆ ಅಟ್ಟಣೆಯ ಮೇಲೆ ಕೂತು ಕಂಡುಕೊಂಡರು. ಚರೆಯ ನಂಬರನ್ನು ಆರಿಸುವುದೆಂದರೆ ದೂರವನ್ನು ಆರಿಸುವುದು. ಅಂಗಡಿಯ ಮುದುಕರು ಹೇಳಿಕೊಟ್ಟದ್ದು ಅಷ್ಟೇ.

ಪುಸ್ತಕದಲ್ಲಿ ಎಲ್.ಜಿ. ಒಂದೇ ಕಡೆ ಬರುತ್ತದೆ. ಆ ವರ್ಷ ಹಟ್ಟಿಯಿಂದ ವಾರದಲ್ಲಿ ನಾಲ್ಕು ಮರಿ ಹೋಗಿದ್ದವು. ನೆಂಟರೊಬ್ಬರು ಕೊಟ್ಟ ತೋಟಾ, ಕೋಪವೂ ಇದ್ದಿರಬೇಕು. 'ಎಲ್.ಜಿ. 60 ಹೆಜ್ಜೆ. ತಗುಲಿತು. ಬೀಳಲಿಲ್ಲ.' ಮರುದಿನ: 'ಹುಡುಕಿದೆ. ರಕ್ತ ಹಳ್ಳದ ತನಕ.' ಅದರ ಮರುದಿನ: 'ಹುಡುಕಿದೆ. ಸಿಗಲಿಲ್ಲ.' ಮೂರು ದಿನ ಹೊಲದ ಕೆಲಸ ಬಿಟ್ಟಿದ್ದಾರೆ; ಕಡಲೆಕಾಯಿ ಕೀಳುವ ಹೊತ್ತು ಬೇರೆ. ಆರನೆಯ ದಿನ: 'ಸಿಕ್ಕಿತು. ಹಳ್ಳದ ಪೊದೆ. ಹೆಣ್ಣು.' ಮುಂದೆ ಒಂದು ತಿಂಗಳು ಖಾಲಿ. ಈ ಪುಟದ ಬಗ್ಗೆ ಅವರು ಜಗಲಿಯ ಮೇಲೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ನರಿಯನ್ನು ಹೇಗೆ ಕೊಂದರೆ ಮರ್ಯಾದೆ ಎಂಬ ವಿಷಯದಲ್ಲಿ ಇಂಗ್ಲೆಂಡಿನವರದು ಇನ್ನೊಂದು ಪುರಾಣ. ಅಲ್ಲಿನ ಬೇಟೆಗಾರ ದೊರೆಗಳಿಗೆ ನರಿಯನ್ನು ಕೋವಿಯಿಂದ ಹೊಡೆಯುವುದು ಹೇಳಿಕೊಳ್ಳಲಾಗದ ಪಾಪ. ಕುದುರೆ ಏರಿ, ಕೊಂಬೂದಿ, ನಲವತ್ತು ನಾಯಿ ಬಿಟ್ಟು ಹರಿಸುವುದು ಘನತೆ. ಇಲ್ಲಿಗೆ ಬಂದಾಗ ಅವರ ನರಿ ಸಿಗದೆ ಊಟಿಯ ಹುಲ್ಲುಬೆಟ್ಟಗಳಲ್ಲಿ ನಮ್ಮ ನರಿಯ ಹಿಂದೆಯೇ ಓಡಿದರು. ಕೊನೆಗೆ 2004ರಲ್ಲಿ ಅವರದೇ ಪಾರ್ಲಿಮೆಂಟು ನಾಯಿ ಬಿಟ್ಟು ಬೇಟೆಯಾಡುವುದನ್ನು ನಿಷೇಧಿಸಿತು. ಕೋವಿಯಿಂದ ಹೊಡೆಯಲು ಮಾತ್ರ ಅಲ್ಲಿ ಅಡ್ಡಿಯಿಲ್ಲ. ಹೀಗಾಗಿ ಬಿ.ಬಿ. ಮೇಲೋ ಎ.ಎ.ಎ. ಮೇಲೋ ಎಂದು ಅವರು ಇಂದಿಗೂ ಚರ್ಚೆ ನಡೆಸಬಹುದು. ನಮ್ಮ ಜಗಲಿಯ ಹಿರಿಯರಿಗೆ ಆ ಭಾಗ್ಯ ತಪ್ಪಿತು.

ತಪ್ಪಿದ್ದು ಒಮ್ಮೆಗೇ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಬೆಳೆ ಕಾಯುವುದಕ್ಕೆಂದು ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವ ಮಾತು ಸ್ಪಷ್ಟವಾಗಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಮೊದಲಿಗೆ ನರಿಯನ್ನು ಕಾಗೆ, ಇಲಿ, ಬಾವಲಿಗಳ ಸಾಲಿನಲ್ಲಿ ಪೀಡೆಯೆಂದೇ ಕೂರಿಸಿತ್ತು. ಆಮೇಲೆ ಅದನ್ನು ಆ ಸಾಲಿನಿಂದ ಎಬ್ಬಿಸಿದರು. 2022ರ ತಿದ್ದುಪಡಿ ಪೀಡೆಯ ಪಟ್ಟಿಯನ್ನೇ ತೆಗೆದುಹಾಕಿತು. ದೊಡ್ಡ ನರಿ, ಸಣ್ಣ ನರಿ ಎರಡೂ ಮೊದಲನೆಯ ಅನುಸೂಚಿಗೆ, ಹುಲಿ ಆನೆಗಳ ಪಂಕ್ತಿಗೆ ಏರಿದವು. 2023ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಆ ಪಂಕ್ತಿಯ ಪ್ರಾಣಿ ಮನುಷ್ಯನ ಜೀವಕ್ಕೆ ಎರವಾದರೆ, ಇಲ್ಲವೆ ವಾಸಿಯಾಗದ ರೋಗಕ್ಕೋ ಊನಕ್ಕೋ ಸಿಕ್ಕಿದ್ದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅಪ್ಪಣೆ ಕೊಡಬಹುದು. ಬೆಳೆ ತಿಂದಿತು, ಮರಿ ಒಯ್ದಿತು ಎಂಬುದು ಅಲ್ಲಿ ಕಾರಣವಾಗುವುದಿಲ್ಲ. ಕೋವಿಗೆ ಪರವಾನಗಿ ಇದ್ದರೂ ಅಷ್ಟೇ. ಕೊಡವರಿಗೆ ಕೋವಿಯ ಪರವಾನಗಿಯಿಂದಲೇ ವಿನಾಯಿತಿಯಿದೆ. ನರಿಯ ವಿಷಯದಲ್ಲಿ ಅವರಿಗೂ ಕಾಯಿದೆ ಇದೇ.

ಕಾಯಿದೆಯನ್ನು ನಾನು ಆಕ್ಷೇಪಿಸುವವನಲ್ಲ. ಹುಲ್ಲುಗಾವಲು ಸೈಟಾಗುತ್ತಿರುವಾಗ, ಬಿಲದ ಬಾಯಿಗೆ ಲೇಔಟಿನ ಕಲ್ಲು ಬೀಳುತ್ತಿರುವಾಗ ನರಿಗೆ ಒಂದಿಷ್ಟು ಆಸರೆ ಬೇಕೇ ಬೇಕು. ನನ್ನ ತಕರಾರು ಬೇರೆ. ತೋಟಾ ಹೋದ ಜಾಗಕ್ಕೆ ಏನು ಬಂದು ಕೂತಿದೆ ಎಂಬುದನ್ನು ಪಟ್ಟಣದಲ್ಲಿ ಕುಳಿತ ನಾವು ನೋಡುವುದಿಲ್ಲ. ಮೋಟಾರು ಬೈಕಿನ ಕ್ಲಚ್ಚಿನ ತಂತಿಯಿಂದ ಮಾಡಿದ ಉರುಳು ಬಂದಿದೆ. ಸತ್ತ ಕುರಿಗೆ ಸವರಿದ ವಿಷ ಬಂದಿದೆ. ಮಾಂಸದಲ್ಲಿಯೋ ಹಣ್ಣಿನಲ್ಲಿಯೋ ಅಡಗಿಸಿ, ಕಚ್ಚಿದರೆ ಸಿಡಿಯುವ ಮದ್ದುಂಡೆ ಬಂದಿದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಗಬ್ಬದ ಆನೆಯೊಂದು ಅಂಥ ಮದ್ದು ತುಂಬಿದ ಕಾಯಿಯನ್ನು ಕಚ್ಚಿ, ಬಾಯಿ ಛಿದ್ರವಾಗಿ, ಹೊಳೆಯ ನೀರಿನಲ್ಲಿ ನಿಂತು ಸತ್ತದ್ದು ದೇಶಕ್ಕೆಲ್ಲ ಗೊತ್ತಾಯಿತು. ಅದು ಆನೆಯಾದದ್ದರಿಂದ ಗೊತ್ತಾಯಿತು. ಮದ್ದುಂಡೆಗೆ ನಂಬರಿಲ್ಲ, ಅದಕ್ಕೆ ದೂರವೆಂಬುದೂ ಇಲ್ಲ. ಇಟ್ಟವನು ಮನೆಯಲ್ಲಿ ಮಲಗಿರುತ್ತಾನೆ. ಬಂದದ್ದು ದೊಡ್ಡದೋ ಸಣ್ಣದೋ, ನಾಯಿಯೋ, ದನವೋ, ಮಗುವೋ ಎಂದು ನೋಡುವ ಕಣ್ಣು ಅಲ್ಲಿಲ್ಲ. 'ಹಾರಿಸಲಿಲ್ಲ' ಎಂದು ಬರೆಯುವುದು ಅದರಿಂದ ಸಾಧ್ಯವೇ ಇಲ್ಲ.

ಇಷ್ಟೆಲ್ಲ ಬರೆಯುವುದಕ್ಕೆ ಕಾರಣ ಕಳೆದ ತಿಂಗಳು ಬಂದ ಒಂದು ಫೋನು. ದೊಡ್ಡಪ್ಪನ ಮೊಮ್ಮಗ, ಊರಿನಲ್ಲಿಯೇ ಇದ್ದು ಕುರಿ ಸಾಕುತ್ತಾನೆ. ಹತ್ತು ದಿನದಲ್ಲಿ ಮೂರು ಮರಿ ಹೋದವಂತೆ.

"ಚಿಕ್ಕಪ್ಪ, ತಾತ ನರಿಗೆ ಏನ್ ಹಾಕ್ತಿದ್ರು?"

"ಬಿ.ಬಿ. ಈಗ ಏನೂ ಹಾಕೋ ಹಾಗಿಲ್ಲ ಕಣಪ್ಪಾ."

"ಅದು ಗೊತ್ತು. ಪಕ್ಕದ ಹೊಲದವರು ಮದ್ದುಂಡೆ ಇಡ್ತಾರಂತೆ. ನಿಮ್ಮ ಬದುವಿಗೂ ಎರಡು ಇಟ್ಟುಬಿಡ್ಲಾ ಅಂತ ಕೇಳ್ತಿದಾರೆ. ನಾಳೆ ಹೇಳ್ಬೇಕು."

ಮೂರು ಮರಿ ಎಂದರೆ ಅವನಿಗೆ ಮಗಳ ಶಾಲೆಯ ಶುಲ್ಕ. ಇಲ್ಲಿ ಕೂತು ದಯೆಯ ಉಪದೇಶ ಮಾಡುವುದು ನನಗೆ ಸುಲಭ, ಮಾಡಲಿಲ್ಲ. ಪುಸ್ತಕ ತೆಗೆದು ಫೋನಿನಲ್ಲಿಯೇ ಹತ್ತು ಸಾಲು ಓದಿದೆ. ನಾಯಿ, ಮುಳ್ಳುಹಂದಿ, ಮನುಷ್ಯ ಎಂಬಲ್ಲಿ ನಕ್ಕ. ಎಲ್.ಜಿ.ಯ ಪುಟವನ್ನೂ ಓದಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬೂದಿ ಎಷ್ಟು ದಪ್ಪ ಹಾಕ್ಬೇಕು?" ಎಂದು ಕೇಳಿದ.

ಅವನ ಮನೆಯಲ್ಲಿ ಈಗ ಗ್ಯಾಸಿನ ಒಲೆ. ಬೂದಿಗಾಗಿ ನೀರೊಲೆಯನ್ನು ಕೆದಕಬೇಕಾಯಿತು. ನಾಯಿಯ ಹೆಜ್ಜೆಗೂ ನರಿಯ ಹೆಜ್ಜೆಗೂ ವ್ಯತ್ಯಾಸ ಹಿಡಿಯುವುದು ಕಷ್ಟವೇ. ನರಿಯದು ಕಿರಿದು, ಉದ್ದ. ನಡುವಿನ ಎರಡು ಬೆರಳುಗಳ ಮೆತ್ತೆ ಹಿಂಬದಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತದೆ. ನಾಯಿಯದು ಬಿಡಿಬಿಡಿ. ಮೊದಲ ಎರಡು ಬೆಳಿಗ್ಗೆ ಅವನು ಕಳಿಸಿದ ಚಿತ್ರಗಳಲ್ಲಿ ಇದ್ದದ್ದು ಬಿಡಿಬೆರಳು, ಒಂದಲ್ಲ, ನಾಲ್ಕೈದು ನಾಯಿಗಳದು. ಹೆದ್ದಾರಿಯ ಕೋಳಿ ಅಂಗಡಿಗಳ ಕಸ ತಿಂದು ಬಲಿತ ಹಿಂಡು. ಮೂರನೆಯ ಬೆಳಿಗ್ಗೆ ಕೂಡಿದ ಬೆರಳೂ ಬಂತು. ಎರಡೂ ಬರುತ್ತಿವೆ ಎಂದಾಯಿತು. ಮದ್ದುಂಡೆಯವರಿಗೆ ಬೇಡವೆಂದು ಹೇಳಿದ್ದಾನೆ. ಅವರು ತಮ್ಮ ಬದುವಿಗೆ ಇಡದಂತೆ ಒಪ್ಪಿಸಲು ಊರಿನ ಇಬ್ಬರು ಹಿರಿಯರನ್ನು ಹಿಡಿದಿದ್ದಾನೆ. ಹಟ್ಟಿಗೆ ಮೂರು ಕಡೆ ತಂತಿಬಲೆ ಬಿಗಿದಾಗಿದೆ, ನಾಲ್ಕನೆಯ ಕಡೆಗೆ ಮುಂದಿನ ಸಂತೆಯ ಹಣ ಬರಬೇಕು. ಅಲ್ಲಿಯ ತನಕ ಆ ಬದಿಗೆ ಹಾಸಿಗೆ ಹಾಕಿಕೊಂಡು ಅವನೇ ಮಲಗುತ್ತಾನೆ.

ಚಿತ್ರಗಳು ದಿನಾ ಬೆಳಿಗ್ಗೆ ಆರಕ್ಕೆ ಬರುತ್ತಿವೆ. ನಿನ್ನೆಯದು ಮುಂಗುಸಿಯದಿರಬೇಕೆಂದು ನನ್ನ ಅಂದಾಜು, ಅವನು ಒಪ್ಪುತ್ತಿಲ್ಲ.